ಒಂಬತ್ತು ದಿನದ ಕೂಲಿ

"ಗುರುಗಳೇ, ಧ್ವನಿಮುದ್ರಕನು ಕೂಲಿ ಬೇಡವೆಂದ ಕತೆ ನಿಜವೇ?" ಎಂದು ನಿರುಪಮಾ ಕೇಳಿದಳು.

ಆ ಕತೆಯನ್ನು ಆಕೆ ಚಿಕ್ಕಂದಿನಲ್ಲಿ ಅಜ್ಜಿಯಿಂದ ಕೇಳಿದ್ದಳು. ಒಬ್ಬ ಗಾಯಕನು ದನಿ ಹೋಗುವ ಹಿಂದಿನ ದಿನ ಒಂದು ಕೃತಿಯನ್ನು ಒಂದೇ ಸಲಕ್ಕೆ ಹಾಡಿದನಂತೆ. ಯಂತ್ರ ಅದನ್ನು ಹಿಡಿಯಿತಂತೆ; ಆ ಮುದ್ರಣವನ್ನು ಆಕೆ ಇಂದಿಗೂ ಕೇಳುತ್ತಿದ್ದಳು. ಮುದ್ರಕನು ಬೆರಗಾಗಿ, ಕೂಲಿಯನ್ನೂ ಕೇಳದೆ ಹೊರಟುಹೋದನಂತೆ. ಬೆರಗಿನಿಂದ ಯಾರ ಮನೆಯ ಒಲೆಯೂ ಉರಿಯುವುದಿಲ್ಲವೆಂಬುದು ಈಗ ಆಕೆಗೆ ಗೊತ್ತಿತ್ತು. ಆದರೂ ಕತೆ ನಿಜವಾಗಿರಲಿ ಎಂಬ ಆಸೆಯಿತ್ತು. ಮರುವಾರ ಆಕೆಯ ಮೊದಲ ಧ್ವನಿಮುದ್ರಣ. ಹಾಡುವುದಕ್ಕೆ ಒಂದು ದಿನ, ಹಾಡಿದ್ದನ್ನು ತಿದ್ದಿ ಹದವಾಗಿ ಬೆರೆಸುವುದಕ್ಕೆ ಒಂಬತ್ತು ದಿನ ಎಂದು ಸ್ಟುಡಿಯೋದವರು ಹೇಳಿದ್ದರು.

"ಹಾಡುವವಳು ನಾನು. ಒಂಬತ್ತು ದಿನದ ಕೂಲಿ ಅವರಿಗೇಕೆ?"

ಗುರುಗಳು ಹೇಳತೊಡಗಿದರು.

ಒಬ್ಬ ಗಾಯಕನಿದ್ದನು. ಅವನ ಗಂಟಲಿನಲ್ಲಿ ಹುಣ್ಣಾಗಿತ್ತು. ಮರುದಿನ ಬೆಳಿಗ್ಗೆ ಶಸ್ತ್ರಚಿಕಿತ್ಸೆ. ಆಮೇಲೆ ದನಿ ಉಳಿಯುವುದಿಲ್ಲವೆಂದು ವೈದ್ಯರು ಹೇಳಿಬಿಟ್ಟಿದ್ದರು. ತನ್ನ ಗುರುವಿನ ಒಂದು ಕೃತಿಯನ್ನು ಮೊದಲಿನಿಂದ ಕೊನೆಯವರೆಗೆ ಹಾಡಿ ಉಳಿಸುತ್ತೇನೆಂದು ಅವನು ಗುರುವಿಗೆ ಮಾತು ಕೊಟ್ಟಿದ್ದನು. ಉಳಿದದ್ದು ಒಂದೇ ಹಗಲು. ಮಗನು ಅವನನ್ನು ಒಬ್ಬ ಧ್ವನಿಮುದ್ರಕನ ಬಳಿಗೆ ಕರೆತಂದು, ತಾನು ಬಾಗಿಲಿನ ಹೊರಗೆ ಕುಳಿತನು. ಒಳಗೆ ಗಾಯಕ ಮತ್ತು ತಂಬೂರಿಯವನು. ಗಾಜಿನ ಆಚೆಗೆ ಮುದ್ರಕ.

ಮುದ್ರಕನು ಧ್ವನಿಸುರುಳಿಯನ್ನು ತಿರುಗಬಿಟ್ಟು, "ಯಜಮಾನರೇ, ಮೊದಲು ಕೊನೆಯ ಸಾಲು ಹಾಡಿ" ಎಂದನು.

"ಏನಪ್ಪಾ, ಎಲೆ ಹಾಕಿದ ಕೂಡಲೇ ಮಜ್ಜಿಗೆ ಅನ್ನ ಬಡಿಸುವ ಮನೆ ನಿನ್ನದೊಂದೇ ಇರಬೇಕು."

"ಎತ್ತರದ ಸ್ವರ ಇರುವುದು ಅಲ್ಲಿಯೇ ಅಲ್ಲವೇ? ಅದಕ್ಕೆ ಯಂತ್ರ ಹೊಂದಿದರೆ ಉಳಿದದ್ದಕ್ಕೆಲ್ಲ ಹೊಂದುತ್ತದೆ."

ಗಾಯಕನು ನಕ್ಕು, ಮೈಕಿನಿಂದ ಮುಖವನ್ನು ಅತ್ತ ತಿರುಗಿಸಿಕೊಂಡೇ ಆ ಸಾಲನ್ನು ಒಮ್ಮೆ ಹಾಡಿದನು. ತಂಬೂರಿ ಇನ್ನೂ ಗವಸಿನಲ್ಲಿತ್ತು. ನಡುವೆ ಕುರ್ಚಿ ಕಿರುಗುಟ್ಟಿತು.

ಆಮೇಲೆ ಹಾಡು ಮೊದಲಾಯಿತು. ಒಂದೊಂದು ನುಡಿಗೂ ದನಿ ಒಂದೊಂದು ಎಳೆ ಸವೆಯಿತು. ಕೊನೆಯ ಸಾಲಿಗೆ ಉಸಿರು ತೆಗೆದುಕೊಂಡಾಗ ಗಾಯಕನ ಬಾಯಿಯಿಂದ ರಕ್ತ ಬಂತು. ಅವನು ಎಚ್ಚರ ತಪ್ಪಿ ಮುಂದಕ್ಕೆ ಬಿದ್ದನು.

ಮಗನು ಬಾಗಿಲು ತಳ್ಳಿಕೊಂಡು ಬಂದು ತಂದೆಯನ್ನು ಎತ್ತಿಕೊಂಡನು. ತಂಬೂರಿಯವನೂ ಎದ್ದನು. ಮುದ್ರಕನು ಒಳಗೆ ಬಂದು ಅವನ ಹೆಗಲನ್ನು ಒತ್ತಿ, "ನೀನು ಏಳಬೇಡ. ಅದೇ ಶ್ರುತಿಯಲ್ಲಿ ನುಡಿಸುತ್ತಿರು" ಎಂದನು.

ಮಗನು ಹೊಸ್ತಿಲಲ್ಲಿ ತಿರುಗಿ ನಿಂತನು. "ನಿನಗೆ ಕರುಳು ಎಂಬುದಿಲ್ಲವೇನಯ್ಯಾ?"

ಮುದ್ರಕನು ತುಟಿಯ ಮೇಲೆ ಬೆರಳಿಟ್ಟು ಗಾಜಿನ ಆಚೆಗೆ ಮರಳಿದನು. ತಂತಿ ಒಮ್ಮೆ ಇಳಿದರೆ ಆ ಕೋಣೆಯ ಆ ಶ್ರುತಿ ಮತ್ತೆ ಸಿಗದೆಂದು ಅವನಿಗೆ ಗೊತ್ತಿತ್ತು. ಆಡಿದ ಮಾತೂ ಸುರುಳಿಗೆ ಬೀಳುತ್ತಿತ್ತು.

ಒಂಬತ್ತು ದಿನ ಅವನು ಬಾಗಿಲು ತೆರೆಯಲಿಲ್ಲ. ಮೂಲ ಸುರುಳಿಯನ್ನು ಹಾಗೆಯೇ ಇಟ್ಟು, ಹಾಡಿಗೂ ಮೊದಲೇ ಹಾಡಿಸಿದ್ದ ಆ ಒಂದು ಸಾಲಿಗೂ ಪ್ರತಿ ತೆಗೆದನು. ಕುರ್ಚಿಯ ಸದ್ದನ್ನು ಕೂದಲೆಳೆಯಷ್ಟಷ್ಟಾಗಿ ಕತ್ತರಿಸಿ ತೆಗೆದನು. ಅದರ ಅಡಿಯಲ್ಲಿ ತಂಬೂರಿಯ ನಾದವನ್ನು ಹಾಸಿದನು. ಅತ್ತ ತಿರುಗಿ ಹಾಡಿದ ದೂರದ ದನಿಯನ್ನು ಹಾಡಿನ ದನಿಯ ಪಕ್ಕಕ್ಕೆ ತಂದನು. ಜೋಡಿಸಿದನು, ಕೇಳಿದನು, ಬಿಚ್ಚಿದನು, ಮತ್ತೆ ಜೋಡಿಸಿದನು. ಒಂಬತ್ತನೆಯ ದಿನ ಬೆಸುಗೆ ಅವನ ಕಿವಿಗೇ ಸಿಗಲಿಲ್ಲ.

ಹಾಡನ್ನು ಅವನು ಗಾಯಕನ ಮನೆಗೆ ಒಯ್ದನು. ಗಾಯಕನು ಬದುಕಿದ್ದನು, ದನಿ ಹೋಗಿತ್ತು. ಕೊನೆಯ ಸಾಲನ್ನು ಹಾಡಿದೆನೋ ಇಲ್ಲವೋ ಎಂಬುದು ಅವನಿಗೆ ನೆನಪಿರಲಿಲ್ಲ. ಮಾತು ತಪ್ಪಿದೆನೇ ಎಂಬ ಶಂಕೆಯಲ್ಲಿ ಅವನು ನಿದ್ದೆ ಬಿಟ್ಟಿದ್ದನು. ಹಾಡು ಕೊನೆಯ ಸಾಲಿಗೆ ಬಂತು, ಅದನ್ನು ದಾಟಿತು, ಮುಗಿಯಿತು. ಗಾಯಕನು ಗುರುವಿನ ಚಿತ್ರಪಟದತ್ತ ತಿರುಗಿ ಕೈಮುಗಿದನು.

ಮಗನ ಕೋಪ ಆರಿರಲಿಲ್ಲ. "ಇದರಲ್ಲಿರುವುದು ಅಪ್ಪನ ದನಿ, ಅಪ್ಪನ ಹಾಡು. ಒಂಬತ್ತು ದಿನ ನೀನು ಕಡಿದು ಕಟ್ಟೆ ಹಾಕಿದ್ದೇನು? ಎಲ್ಲಿ ಕೈಯಾಡಿಸಿದ್ದೀ ತೋರಿಸು, ಕೂಲಿ ಕೊಡುತ್ತೇನೆ. ತೋರಿಸದಿದ್ದರೆ ಬಿಡಿಗಾಸೂ ಇಲ್ಲ."

ಮುದ್ರಕನು ಗಾಯಕನನ್ನು ನೋಡಿದನು. ಮುಗಿದ ಕೈಗಳು ಇನ್ನೂ ಇಳಿದಿರಲಿಲ್ಲ.

"ನಾನೇನೂ ಮಾಡಿಲ್ಲ. ಅವರು ಹಾಡಿದರು, ಯಂತ್ರ ಹಿಡಿಯಿತು" ಎಂದು ಹೇಳಿ ಅವನು ಚಪ್ಪಲಿ ಮೆಟ್ಟಿ ಹೊರಟುಹೋದನು.

ಗುರುಗಳು ಕತೆ ನಿಲ್ಲಿಸಿದರು. ನಿರುಪಮಾ ಆ ಹಾಡನ್ನು ನೂರಾರು ಸಲ ಕೇಳಿದ್ದಳು; ಕೊನೆಯ ಸಾಲನ್ನು ಈಗ ಮನಸ್ಸಿನಲ್ಲಿಯೇ ಮತ್ತೊಮ್ಮೆ ಹಾಡಿಕೊಂಡಳು. ಎಲ್ಲಿಯೂ ಎಡವಲಿಲ್ಲ.

"ಬೆಸುಗೆ ಯಾವ ಅಕ್ಷರದ ಬಳಿ ಇದೆ ಗುರುಗಳೇ? ಅದೊಂದನ್ನು ಹೇಳಿ."

"ಅವನು ಕೂಲಿಯನ್ನೇ ತೊರೆದು ಮುಚ್ಚಿಟ್ಟದ್ದನ್ನು, ತಾಯಿ, ನಿನಗೆ ನಾನು ಪುಕ್ಕಟೆಯಾಗಿ ತೆರೆದು ತೋರಿಸಲೇ?" ಎಂದರು ಗುರುಗಳು.



ಎರಡು ವರ್ಷಗಳ ಬಳಿಕ, ಮುದ್ರಕನ ಮಗಳ ಮನೆಯಲ್ಲಿ ಉಳಿದಿದ್ದ ಮೂಲ ಸುರುಳಿಯನ್ನು ನಿರುಪಮಾ ಹಾಕಿಸಿ ಕೇಳಿದಳು. ಅದರಲ್ಲಿ ಹಾಡು ಕೊನೆಯ ಸಾಲಿಗೆ ತೆಗೆದುಕೊಂಡ ಉಸಿರಿನಲ್ಲಿಯೇ ನಿಂತುಹೋಗುತ್ತದೆ.