ಜೋಲುವ ಮೇಲ್ಕಟ್ಟು

ಅಡವಯ್ಯ ಅಜ್ಜನಿಗೆ ಮಠ ಅಂತ ಇದ್ದದ್ದು ಮಳೆಗಾಲಕ್ಕೆ ಮಾತ್ರ. ಉಳಿದ ಕಾಲವೆಲ್ಲ ಬಂಡಿಯೇ ಮಠ, ಬಂಡಿ ನಿಂತ ಜಾಗವೇ ಅಂಗಳ.

ಅದು ಕಮಾನು ಬಂಡಿ. ಕಮಾನಿನ ಒಂದು ಮಗ್ಗುಲಿಗೆ ದಪ್ಪ ಬಟ್ಟೆಯ ಅಂಚು ಕಟ್ಟಿ, ಆಚೆಯ ಅಂಚನ್ನು ಎರಡು ಬಿದಿರು ಗಳುಗಳ ಮೇಲೆ ಎತ್ತಿ, ಹಗ್ಗ ಎಳೆದು ಗೂಟಕ್ಕೆ ಬಿಗಿದರೆ ಮೇಲ್ಕಟ್ಟು ಆಗುತ್ತಿತ್ತು. ಅದರ ನೆರಳಲ್ಲಿ ಅಜ್ಜ ಕೂರುತ್ತಿದ್ದರು. ಹಾದಿಹೋಕರೂ ಬಂದು ಕೂರುತ್ತಿದ್ದರು.

ಮೇಲ್ಕಟ್ಟು ಕಟ್ಟುವ ಕೆಲಸ ಶಿಷ್ಯ ಸೋಮಲಿಂಗನದು.

ಸೋಮಲಿಂಗ ಗರಡಿಯಲ್ಲಿ ಬೆಳೆದ ಆಳು. ಕುಸ್ತಿ ಬಿಟ್ಟು ಅಜ್ಜನ ಹಿಂದೆ ಬಂದಿದ್ದ. ಪಟ್ಟು ಬಿಟ್ಟಿದ್ದರೂ ತೋಳು ಬಿಟ್ಟಿರಲಿಲ್ಲ. ಮೈ ದಣಿಯದಿದ್ದರೆ ಅದು ಸೇವೆಯಲ್ಲ ಅಂತ ಅವನ ನಂಬಿಕೆ.

ಬಟ್ಟೆ ನಡುವೆ ಒಂದಿಷ್ಟು ಜೋತರೂ ಅವನು ಸಹಿಸುತ್ತಿರಲಿಲ್ಲ. ಬೆರಳಲ್ಲಿ ತಟ್ಟಿದರೆ ಸದ್ದು ಬರುವ ಹಾಗೆ ಬಿಗಿಯುತ್ತಿದ್ದ. ನಾಲ್ಕು ಮೂಲೆಯೂ ಒಂದೇ ಎತ್ತರಕ್ಕಿರಬೇಕು. ದೂರ ನಿಂತು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ. ಮರುದಿನ ಇಬ್ಬನಿಗೆ ನೆನೆದು ಬಟ್ಟೆ ಮತ್ತೆ ಜೋತಿರುತ್ತಿತ್ತು. ಇವನು ಮತ್ತೆ ಎಳೆಯುತ್ತಿದ್ದ.

ಒಮ್ಮೆ ಅಜ್ಜ ಅವನು ತಟ್ಟುವುದನ್ನು ನೋಡಿ, ಹಲಗೆಯಾದರೆ ಬಾರಿಸುವುದಕ್ಕೆ, ಇದರ ಕೆಳಗೆ ಕೂರಬೇಕಲ್ಲ ತಮ್ಮಾ ಅಂದರು. ಸೋಮಲಿಂಗ ನಕ್ಕು ಇನ್ನೊಂದು ಗಂಟು ಹಾಕಿದ.

ಇನ್ನೊಮ್ಮೆ ಅವನೇ ಕೇಳಿದ.

"ಅಜ್ಜಾರೆ, ಇದು ಜೋಲದ ಹಾಗೆ ಕಟ್ಟುವುದು ಹೇಗೆ?"

"ಯಾಕೆ ಜೋಲುತ್ತದೆ ಅಂತ ನೋಡಿದ್ದೀಯಾ?"

"ಸಡಿಲ ಇದ್ದರೆ ಜೋಲುತ್ತದೆ."

"ಅಷ್ಟೇನಾ?"

"ಮತ್ತೇನಿರುತ್ತದೆ?"

ಅಜ್ಜ ಎದ್ದು ಎತ್ತುಗಳಿಗೆ ಮೇವು ಹಾಕಲು ಹೋದರು.

ಆ ವರ್ಷ ಮಳೆ ಮೊದಲೇ ಹಿಡಿಯಿತು. ಅಜ್ಜನ ಬಂಡಿ ಹೊಳೆಯಾಚೆಯ ಮಠಕ್ಕೆ ಹೊರಟು ದಂಡೆಗೆ ಬರುವ ಹೊತ್ತಿಗೆ ಹೊಳೆ ಕೆಂಪಾಗಿ ಉಬ್ಬಿತ್ತು. ಅಂಬಿಗ ಹರಿಗೋಲನ್ನು ದಡಕ್ಕೆ ಎಳೆದು ಬೋರಲು ಹಾಕಿದ್ದ. ನೀರು ಇಳಿಯುವ ತನಕ ಯಾರನ್ನೂ ದಾಟಿಸುವುದಿಲ್ಲ ಅಂದ.

ದಂಡೆಯಲ್ಲಿ ಆಗಲೇ ಕೆಲವರು ಕಾದು ಕೂತಿದ್ದರು. ಎಣ್ಣೆ ಮಾರುವವನೊಬ್ಬ, ಸೀರೆ ಗಂಟು ಹೊತ್ತ ನೇಕಾರರಿಬ್ಬರು. ಅವರ ಜೊತೆ ಫಕೀರಪ್ಪ ಅನ್ನುವವನು. ಅವನೂ ಅವನ ಹೆಂಡತಿಯೂ ತಾಯಿಯನ್ನು ಹೊರಸಿನ ಮೇಲೆ ಮಲಗಿಸಿಕೊಂಡು, ಹೊತ್ತುಕೊಂಡು ಬಂದಿದ್ದರು.

ತಾಯಿಯ ಹೆಸರು ನೀಲವ್ವ. ಎದೆಯಲ್ಲಿ ಕಫ ಕಟ್ಟಿ ಉಸಿರು ಸಿಳ್ಳೆ ಹೊಡೆಯುತ್ತಿತ್ತು. ಮೈ ಕಾದಿತ್ತು. ಆಚೆ ದಡದ ಊರಿನಲ್ಲಿ ಒಳ್ಳೆಯ ವೈದ್ಯರಿದ್ದಾರೆ, ಹಾದಿಯಲ್ಲಿ ಮಾತ್ರ ಒಂದು ಹನಿ ತಣ್ಣೀರೂ ತಾಗಿಸಬೇಡಿ ಅಂತ ಊರವರು ಹೇಳಿ ಕಳಿಸಿದ್ದರಂತೆ.

ಮೋಡ ತಲೆಯ ಮೇಲೇ ಇತ್ತು. ಸೋಮಲಿಂಗ ಬೇಗ ಬೇಗ ಮೇಲ್ಕಟ್ಟು ಕಟ್ಟಿದ. ಹೊರಸನ್ನು ಅದರ ನಟ್ಟನಡುವೆ ಇರಿಸಿದರು.

ಬಂಡಿಯೊಳಗೆ ದಾಸೋಹದ ಜೋಳದ ಚೀಲಗಳು ಕಮಾನಿನವರೆಗೆ ತುಂಬಿದ್ದವು. ಚೀಲ ಇಳಿಸಿ ಆ ತಾಯಿಯನ್ನು ಒಳಗೆ ಮಲಗಿಸಬಹುದಲ್ಲ ಅಂದರು ಅಜ್ಜ.

"ಜೋಳ ನೆನೆದು ಮೊಳಕೆ ಬರುತ್ತದೆ ಅಜ್ಜಾರೆ," ಅಂದ ಸೋಮಲಿಂಗ. "ನಾನು ಕಟ್ಟಿದ ಮೇಲ್ಕಟ್ಟು. ಒಂದು ಹನಿ ಬೀಳುವುದಿಲ್ಲ."

ಅಜ್ಜ ಎತ್ತುಗಳ ಕಡೆ ನಡೆದರು.

ಮಳೆ ಸಣ್ಣಗೆ ಶುರುವಾಗಿ ದಪ್ಪಗಾಯಿತು. ಮೊದಮೊದಲು ಸೋಮಲಿಂಗನ ಮಾತೇ ನಡೆಯಿತು. ಬಟ್ಟೆ ನೆನೆಯಿತೇ ಹೊರತು ಸೋರಲಿಲ್ಲ. ಫಕೀರಪ್ಪ ಕೈ ಮುಗಿದ.

ಆಮೇಲೆ ನಡುವೆ, ಸರಿಯಾಗಿ ಹೊರಸಿನ ಮೇಲೆ, ಬಟ್ಟೆ ಒಂದಿಷ್ಟು ಕುಸಿಯಿತು. ಕುಸಿದಲ್ಲಿ ನೀರು ನಿಂತಿತು. ನೀರು ನಿಂತಂತೆ ಇನ್ನಷ್ಟು ಕುಸಿಯಿತು.

ಸೋಮಲಿಂಗ ಕೋಲಿನಿಂದ ಕೆಳಗಿನಿಂದ ಎತ್ತಿದ. ನೀರು ಅಂಚಿನಿಂದ ಧೊಪ್ಪೆಂದು ಸುರಿದುಹೋಯಿತು. ಕೋಲು ತೆಗೆಯುತ್ತಲೇ ಮತ್ತೆ ತುಂಬತೊಡಗಿತು.

ಹಗ್ಗ ಬಿಗಿದ. ನೆನೆದ ಹಗ್ಗ ಮೊದಲೇ ಬಿಗಿದುಕೊಂಡು ತಂತಿಯಂತಾಗಿತ್ತು. ಇವನು ಎಳೆದ ರಭಸಕ್ಕೆ ಗೂಟ ಕೆಸರಿನಿಂದ ಕಿತ್ತು ಕೈಗೆ ಬಂತು. ಅದನ್ನು ಮತ್ತೆ ಹೊಡೆದು ನಿಲ್ಲಿಸುವಷ್ಟರಲ್ಲಿ ಬಟ್ಟೆಯ ಹೊಟ್ಟೆ ಹೊರಸಿಗೆ ಒಂದು ಮೊಳ ದೂರಕ್ಕೆ ಬಂದಿತ್ತು.

ಸೋಮಲಿಂಗ ಬೇರೇನೂ ಯೋಚಿಸಲಿಲ್ಲ. ಹೊರಸಿನ ಪಕ್ಕ ಕಾಲು ಅಗಲಿಸಿ ನಿಂತ. ಎರಡೂ ಅಂಗೈ ಮೇಲೆತ್ತಿ, ತಲೆಯನ್ನೂ ಕೊಟ್ಟು, ಬಟ್ಟೆಯನ್ನು ಎತ್ತಿ ಹಿಡಿದ.

ನೀರು ಎರಡೂ ಕಡೆಗೆ ಸರಿದು ಹೋಯಿತು. ನೀಲವ್ವನ ಮೇಲೆ ಒಂದು ಹನಿಯೂ ಬೀಳಲಿಲ್ಲ.

ಹಾಗೇ ನಿಂತ.

ಮಳೆ ನಿಲ್ಲಲಿಲ್ಲ. ತಣ್ಣೀರು ಮುಂಗೈಯಿಂದ ಇಳಿದು ಕಂಕುಳಿಗೆ, ಅಲ್ಲಿಂದ ಪಕ್ಕೆಗೆ ಹರಿಯುತ್ತಿತ್ತು. ಭುಜ ಮೊದಲು ಕಾದವು, ಆಮೇಲೆ ಉರಿದವು, ಆಮೇಲೆ ಅವು ತನ್ನವೇ ಅಲ್ಲ ಅನ್ನಿಸತೊಡಗಿತು. ಗರಡಿಯಲ್ಲಿ ಕಲ್ಲು ಎತ್ತಿದ ದಿನಗಳು ನೆನಪಾದವು. ಅದಕ್ಕಿಂತ ಇದು ದೊಡ್ಡದು ಅನ್ನಿಸಿತು.

ಕೆಳಗೆ ಕೂತವರು ಅವನನ್ನೇ ನೋಡುತ್ತಿದ್ದರು. ನೇಕಾರರಲ್ಲಿ ಒಬ್ಬ, ಹೆತ್ತ ಮಗನೂ ಹೀಗೆ ನಿಲ್ಲುವುದಿಲ್ಲ ಅಂದ. ಎಣ್ಣೆಯವನು ಇದಪ್ಪ ಸೇವೆ ಅಂದರೆ ಅಂದ. ಫಕೀರಪ್ಪ ತಾನೂ ಕೈ ಕೊಡುತ್ತೇನೆಂದು ಎದ್ದ. ಬೇಡ, ಕೂತುಕೋ ಅಂತ ಸೋಮಲಿಂಗನೇ ಹೇಳಿದ.

ಅಜ್ಜ ಬಂಡಿಯ ಗಾಲಿಗೆ ಒರಗಿ ಕೂತಿದ್ದರು. ಅವರೂ ತನ್ನನ್ನು ನೋಡುತ್ತಿದ್ದಾರೆ ಅಂತ ಸೋಮಲಿಂಗನಿಗೆ ಗೊತ್ತಿತ್ತು. ಅದೇ ಅವನಿಗೆ ಬಲ ಕೊಟ್ಟಿತು.

ಮಧ್ಯಾಹ್ನದ ಹೊತ್ತಿಗೆ ಎಡಗೈ ಹಿಡಿದುಕೊಂಡಿತು.

ಸ್ವಲ್ಪ ಬದಲಿಸಿ ಹಿಡಿಯೋಣ ಅಂತ ಕೈ ಸರಿಸಿದ. ಬಟ್ಟೆ ಕುಸಿದು, ಪಕ್ಕಗಳಲ್ಲಿದ್ದ ನೀರು ನಡುವೆ ನುಗ್ಗಿತು. ಹೆಬ್ಬೆರಳ ಒತ್ತಿಗೆ ನೆನೆದ ಹೊಲಿಗೆ ಬಿಚ್ಚಿಕೊಂಡಿತು. ನಿಂತಿದ್ದ ನೀರಷ್ಟೂ ಒಂದೇ ಬಾರಿಗೆ ನೀಲವ್ವನ ಎದೆಯ ಮೇಲೆ ಬಿತ್ತು.

ಆಕೆಗೆ ಉಸಿರು ಸಿಕ್ಕಿಕೊಂಡಿತು. ಕೆಮ್ಮು ಬಂತು, ನಿಲ್ಲಲಿಲ್ಲ. ಫಕೀರಪ್ಪ ತಾಯಿಯನ್ನು ತೋಳಲ್ಲಿ ಎತ್ತಿ ಕೂರಿಸಿಕೊಂಡ. ಸೊಸೆ ಒದ್ದೆ ಸೀರೆ ಬಿಡಿಸತೊಡಗಿದಳು. ಗಂಡಸರು ಮುಖ ತಿರುಗಿಸಿದರು.

ಸೋಮಲಿಂಗ ಹರಿದ ಬಟ್ಟೆಯನ್ನು ಹಿಡಿದುಕೊಂಡೇ ನಿಂತಿದ್ದ.

ಅಜ್ಜ ಎದ್ದರು. ತಮ್ಮ ಕಂಬಳಿ ತೆಗೆದು ಸೊಸೆಯ ಕೈಗೆ ಕೊಟ್ಟರು. ಆಮೇಲೆ ಮಳೆಯಲ್ಲೇ ಆಚೆಗೆ ನಡೆದು ಮೇಲ್ಕಟ್ಟಿನ ಹೊರಮೂಲೆಯ ಗಳುವಿನ ಹತ್ತಿರ ನಿಂತರು. ಹಗ್ಗ ಸಡಿಲ ಮಾಡಿದರು. ಗಳು ಕಿತ್ತು, ಅದರ ಬುಡವನ್ನು ದೂರಕ್ಕೆ ಸರಿಸಿ, ಓರೆಯಾಗಿ ನೆಟ್ಟರು. ಆ ಮೂಲೆ ಸೊಂಟದ ಮಟ್ಟಕ್ಕೆ ಇಳಿಯಿತು.

ಇಡೀ ಮೇಲ್ಕಟ್ಟು ಸೊಟ್ಟಗಾಯಿತು.

ನಡುವೆ ಮತ್ತೆ ಸೇರುತ್ತಿದ್ದ ನೀರು ಆ ಮೂಲೆಯ ಕಡೆ ಹರಿಯಿತು. ಮೇಲೆ ಬಿದ್ದ ಮಳೆಯೂ ಹಾಗೇ ಹರಿಯಿತು. ಮೂಲೆಯಲ್ಲಿ ಒಂದು ಧಾರೆ ಹಿಡಿಯಿತು. ಎಣ್ಣೆಯವನು ಅದರ ಕೆಳಗೆ ಒಂದು ಕೊಡ ಇಟ್ಟ.

ಸೋಮಲಿಂಗ ನಿಧಾನವಾಗಿ ಕೈ ಇಳಿಸಿದ. ಬಟ್ಟೆ ಒಂದಿಷ್ಟು ಸಡಿಲವಾಗಿ, ಗಾಳಿಗೆ ಉಸಿರಾಡುತ್ತ, ನಿಂತಲ್ಲೇ ನಿಂತಿತು.

ಅವನು ಹೊರಗೆ ಬಂದು ಅಜ್ಜನ ಎದುರು ನಿಂತ.  

"ಇದು ನಿಮಗೆ ಗೊತ್ತಿತ್ತು."

ಅಜ್ಜ ಹಗ್ಗದ ಗಂಟು ಹಾಕುತ್ತಿದ್ದರು.

"ನನಗೆ ಪಾಠ ಕಲಿಸಬೇಕಾದರೆ ನನ್ನ ತಲೆ ಮೇಲೆ ನೀರು ಹಾಕಬೇಕಿತ್ತು. ಆ ತಾಯಿ ಏನು ಮಾಡಿದ್ದರು? ಬೆಳಗ್ಗೆಯೇ ಯಾಕೆ ಹೇಳಲಿಲ್ಲ?"

ಗುರುವಿನ ಎದುರು ಅವನು ಹೀಗೆ ಎಂದೂ ಮಾತಾಡಿರಲಿಲ್ಲ. ಫಕೀರಪ್ಪ ತಲೆ ಎತ್ತಿ ನೋಡಿದ.

ಅಜ್ಜ ಗಂಟು ಮುಗಿಸಿದರು. ಅವನ ಮುಖವನ್ನೇ ನೋಡಿ ಹೇಳಿದರು.

"ಪಾಠ ಏನೂ ಇಲ್ಲ ತಮ್ಮಾ. ನೀನು ನಿಂತ ರೀತಿ ನೋಡುತ್ತ ಕೂತುಬಿಟ್ಟೆ. ಎಲ್ಲರೂ ನಿನ್ನನ್ನೇ ನೋಡುತ್ತಿದ್ದೆವು. ಬಟ್ಟೆಯ ಕಡೆ ಒಬ್ಬರೂ ನೋಡಲಿಲ್ಲ."

 ಅಜ್ಜ ಹೊರಸಿನ ಹತ್ತಿರ ಹೋಗಿ, ನೀಲವ್ವನಿಗೂ ಮಗನಿಗೂ ತಪ್ಪಾಯಿತು ಅಂತ ಕೈ ಮುಗಿದರು. ಫಕೀರಪ್ಪ ಗಾಬರಿಯಾಗಿ ಅವರ ಕೈ ಹಿಡಿದುಕೊಂಡ.

ಆಮೇಲೆ ಎಲ್ಲರೂ ಸೇರಿ ಜೋಳದ ಚೀಲ ಇಳಿಸಿ ಬಂಡಿಯ ಕೆಳಗೆ ಕಲ್ಲುಗಳ ಮೇಲೆ ಒಟ್ಟಿದರು. ನೇಕಾರರು ತಮ್ಮ ಗಂಟು ಬಿಚ್ಚಿ ಮಾರುವ ಸೀರೆಗಳಲ್ಲೇ ಎರಡನ್ನು ಒಳಗೆ ಹಾಸಿದರು. ನೀಲವ್ವನನ್ನು ಬಂಡಿಯೊಳಗೆ ಮಲಗಿಸಿದರು. ಮೇಲ್ಕಟ್ಟಿನ ಕೆಳಗೆ ಮೂರು ಕಲ್ಲು ಹೂಡಿ ಸೊಸೆ ಒಲೆ ಹಚ್ಚಿದಳು. ಶುಂಠಿ ಕಷಾಯ ಕುದಿಯಿತು.

ಸೋಮಲಿಂಗ ಹರಿದ ಕಡೆ ಸೂಜಿ ಹಾಕಿ ಹೊಲಿದ. ಬೆರಳು ಇನ್ನೂ ಸರಿಯಾಗಿ ಮಡಚುತ್ತಿರಲಿಲ್ಲ. ಹೊಲಿಯುತ್ತ ಮತ್ತೆ ಮತ್ತೆ ತಲೆ ಎತ್ತಿ ನೋಡಿದ. ಇಷ್ಟು ಸಡಿಲ ಬಿಟ್ಟರೆ ಜೋಲಲೇಬೇಕು ಅಂತ ಕಾದ. ಅದು ಜೋಲಲಿಲ್ಲ.

"ಸಡಿಲ ಇದ್ದರೂ ಜೋಲುತ್ತಿಲ್ಲವಲ್ಲ," ಅಂದ ಕೊನೆಗೆ.

"ನೀರು ನಿಂತರೆ ತಾನೇ," ಅಂದರು ಅಜ್ಜ.

ಸಂಜೆಗೆ ಬಂಡಿಯೊಳಗಿನ ಕೆಮ್ಮು ಕಡಿಮೆಯಾಯಿತು. ಉಸಿರಿನ ಸಿಳ್ಳೆ ಇತ್ತು, ಆದರೆ ಒಂದೇ ಸಮನೆ ಇತ್ತು. ಮೇಲಿನ ಸೀಮೆಯಲ್ಲಿ ಮಳೆ ನಿಂತಿರಬೇಕು, ಹೊಳೆ ಒಂದು ಗೇಣು ಇಳಿದಿದೆ, ಹೀಗೇ ಇದ್ದರೆ ಬೆಳಗಾದ ಮೇಲೆ ಹರಿಗೋಲು ಇಳಿಸಬಹುದು ಅಂತ ಅಂಬಿಗ ಬಂದು ಹೇಳಿಹೋದ. ಫಕೀರಪ್ಪ ಅಂಬಿಗನ ಹಿಂದೆಯೇ ನೀರು ನೋಡಲು ಹೋದ. ಇಲ್ಲಿ ಮಳೆ ಮಾತ್ರ ಸುರಿಯುತ್ತಲೇ ಇತ್ತು.

ಮೇಲ್ಕಟ್ಟು ತನ್ನ ಪಾಡಿಗೆ ತಾನು ನೀರು ಹರಿಸುತ್ತಿತ್ತು. ಹಿಡಿಯಬೇಕಾದ ಹಗ್ಗವಿಲ್ಲ, ಎತ್ತಬೇಕಾದ ಭಾರವಿಲ್ಲ. ಸೋಮಲಿಂಗ ಒಂದು ಗೂಟದಿಂದ ಇನ್ನೊಂದಕ್ಕೆ ಸುಮ್ಮನೆ ಓಡಾಡಿದ. ಗಟ್ಟಿಯಾಗಿದ್ದ ಗೂಟವನ್ನೇ ಮತ್ತೆ ಮುಟ್ಟಿ ನೋಡಿದ. ಅವನ ಕೈಗಳಿಗೆ ಏನು ಮಾಡಬೇಕೆಂದು ತೋಚಲಿಲ್ಲ.

ಕೊನೆಗೆ ಅಜ್ಜನ ಹತ್ತಿರ ಬಂದು ನಿಂತ.

"ಈಗ ನಾನೇನು ಮಾಡಲಿ, ಅಜ್ಜಾರೆ?"

"ಆ ತಾಯಿ ಬೆಳಗಿನಿಂದ ನಿನ್ನ ಹೆಸರೇನು ಅಂತ ಕೇಳುತ್ತಿದ್ದಾರೆ. ಹೋಗಿ, ಹತ್ತಿರ ಕೂತು ಹೇಳು."