ಉಡಿದಾರದ ಬೀಗದ ಕೈ

“ಗುರುಗಳೇ, ಎಲ್ಲವನ್ನೂ ಬಿಟ್ಟು ಬೆಟ್ಟದ ಮೇಲೆ ಒಬ್ಬನೇ ಸರಳವಾಗಿ ಬದುಕುವವನಿಗೆ ಜನರ ಮೇಲೆ ಪ್ರೀತಿ ಇದೆ ಎನ್ನಬಹುದೇ?” ಎಂದು ಕಲ್ಲಿನಾಥ ಕೇಳಿದ.

ಕಲ್ಲಿನಾಥ ಮುರಿದ ಮೂಳೆ ಕೂಡಿಸುವವನು. ತಂದೆಯಿಂದ ಕಲಿತ ವಿದ್ಯೆ. ಸುತ್ತಲಿನ ಊರುಗಳಲ್ಲಿ ಅದನ್ನು ಬಲ್ಲವರು ಬೇರೆ ಯಾರೂ ಇರಲಿಲ್ಲ. ಈಗ ಅವನಿಗೆ ಬೆಟ್ಟ ಹತ್ತುವ ಮನಸ್ಸಾಗಿತ್ತು. ಅಪ್ಪಣೆ ಬೇಡಲು ಗಂಟು ಕಟ್ಟಿಕೊಂಡೇ ಬಂದಿದ್ದ.

ಗುರುಗಳು ಗಂಟನ್ನು ನೋಡಿ ನಕ್ಕರು. “ಉತ್ತರ ನನಗೂ ಗೊತ್ತಿಲ್ಲ. ಒಂದು ಕತೆ ಗೊತ್ತು, ಕೇಳು” ಎಂದರು.

ಒಂದೂರಿನಲ್ಲಿ ಒಬ್ಬ ವರ್ತಕನಿದ್ದ. ಅವನ ಉಗ್ರಾಣದ ಗೋಡೆ ದಪ್ಪ, ಇಲಿ ಹೆಗ್ಗಣಗಳ ಕಾಟವಿಲ್ಲ. ಊರಿನವರೆಲ್ಲ ತಮ್ಮ ಬಿತ್ತನೆಯ ಜೋಳವನ್ನು ಅಲ್ಲೇ ಇಡುತ್ತಿದ್ದರು. ಒಂದು ದಿನ ವರ್ತಕನಿಗೆ ಸಂಸಾರ ಸಾಕೆನಿಸಿತು. ಅಂಗಡಿ ಬಿಟ್ಟ, ಮನೆ ಬಿಟ್ಟ, ರುಮಾಲು ಅಂಗಿಗಳನ್ನೂ ಬಿಟ್ಟ. ಕೌಪೀನ ಉಟ್ಟು ಬೆಟ್ಟ ಹತ್ತಿದ. ಕೌಪೀನ ನಿಲ್ಲಬೇಕಾದರೆ ಉಡಿದಾರ ಬೇಕಲ್ಲ, ಅದೊಂದು ಸೊಂಟದಲ್ಲೇ ಉಳಿಯಿತು.

ಬೆಟ್ಟದ ಮೇಲೆ ಒಪ್ಪತ್ತು ಉಂಡ, ಬಂಡೆಯ ಮೇಲೆ ಮಲಗಿದ, ಎಲ್ಲರಿಗೂ ಒಳಿತಾಗಲಿ ಎಂದು ದಿನವೂ ಬೇಡಿಕೊಂಡ. ಅದೇನೂ ತೋರಿಕೆಯಲ್ಲ, ಬೇಡುವಾಗ ಕಣ್ಣಲ್ಲಿ ನೀರು ಬರುತ್ತಿತ್ತು. ಊರಿನವರು ಅವನನ್ನು ಸ್ವಾಮಿ ಎಂದು ಕರೆಯತೊಡಗಿದರು.

ಮುಂಗಾರು ಬಿದ್ದು ಹೊಲ ಹದವಾಯಿತು. ಒಬ್ಬ ಮುದುಕಿ ಬೆಟ್ಟ ಹತ್ತಿ ಬಂದು ಅಡ್ಡಬಿದ್ದಳು.

“ಬಿತ್ತನೆ ಆಯಿತೇ ತಾಯಿ?” ಎಂದು ಕೇಳಿದ.

“ಎಲ್ಲೀದು ಬಿತ್ತನಿ ಎಪ್ಪಾ? ಬೀಜ ನಿಮ್ಮ ಉಗ್ರಾಣದಾಗ ಐತಿ, ಬಾಗಿಲಿಗೆ ಬೀಗ ಐತಿ.”

“ಬೀಗ ಒಡೆಯಬಾರದಿತ್ತೇ?”

“ಸಾವ್ಕಾರರ ಬೀಗ ಆಗಿದ್ರ ಅವತ್ತ ಒಡೀತಿದ್ವಿ. ಸ್ವಾಮಿಗಳ ಬೀಗಕ್ಕ ಕೈ ಹಚ್ಚೋರು ಯಾರ್ರಿ? ಎಲ್ಲಾರೂ ಬಾಗಿಲಿಗೆ ಕಾಯಿ ಒಡದು, ಕೈ ಮುಗದು ಬರಾಕತ್ತೀವಿ.”

ವರ್ತಕ ದಡಬಡಿಸಿ ಎದ್ದ. ಸೊಂಟದಲ್ಲಿ ಏನೋ ಕಿಣಿ ಎಂದಿತು. ನೋಡಿದರೆ ಉಡಿದಾರದಲ್ಲಿ ಬೀಗದ ಕೈ! ಹಗಲಿರುಳು ಮೈಗೆ ಅಂಟಿಕೊಂಡೇ ಇದ್ದುದರಿಂದ ಅದು ಇದೆಯೆಂಬುದೇ ಅವನಿಗೆ ಮರೆತುಹೋಗಿತ್ತು. ಬೆಟ್ಟ ಇಳಿದು ಓಡಿದ. ಬಾಗಿಲು ತೆರೆಯಿತು, ಊರು ಬಿತ್ತಿತು. ಆದರೆ ಅಷ್ಟರಲ್ಲಿ ನೆಲದ ಹದ ಆರಿತ್ತು. ಅರ್ಧ ಹೊಲ ಮೊಳೆಯಲೇ ಇಲ್ಲ. ಪಾಪ, ಅವನ ಪ್ರಾರ್ಥನೆಯಲ್ಲಿ ಮಾತ್ರ ಏನೂ ಕೊರತೆಯಿರಲಿಲ್ಲ.

ಕತೆ ಮುಗಿಯಿತು. ಕಲ್ಲಿನಾಥನಿಗೆ ಸಮಾಧಾನವಾಗಲಿಲ್ಲ. “ಹಾಗಾದರೆ ಅವನು ಬೆಟ್ಟಕ್ಕೆ ಹೋದದ್ದೇ ತಪ್ಪೇ?” ಎಂದ.

“ಯಾರು ಹಾಗೆಂದರು? ಬೀಗದ ಕೈಯನ್ನು ಮುದುಕಿಗೆ ಕೊಟ್ಟು ಅವನು ಮತ್ತೆ ಅದೇ ಬೆಟ್ಟಕ್ಕೆ ಹೋದ.”

ಕಲ್ಲಿನಾಥನಿಗೆ ಹಿಗ್ಗಾಯಿತು. ಗಂಟನ್ನು ಹೆಗಲಿಗೇರಿಸಿದ. “ಹಾಗಾದರೆ ನಾನೂ ಹೊರಡಲೇ?”

“ಹೊರಡಪ್ಪ, ನಾಳೆ ಕೈಕಾಲು ಮುರಿದುಕೊಂಡವರು ಯಾವ ಬಾಗಿಲಿಗೆ ಹೋಗಿ ಕಾಯಿ ಒಡೆಯಬೇಕು, ಅದಷ್ಟು ಹೇಳಿ ಹೋಗು.”