ಹೆಣ್ಣು ನೋಡಲು ಬಂದ ಹನ್ನೊಂದು ಸಾವಿರ

ಒಂದಾನೊಂದು ಊರಿನಲ್ಲಿ, ಯಾವ ಊರು ಅಂತ ಕೇಳಬೇಡಿ, ಆ ಊರಿಗೂ ಗೊತ್ತಿರಲಿಲ್ಲ, ಒಂದು ಕರೆಂಟಿನ ತಂತಿ ಇತ್ತು. ಅದರೊಳಗೆ ಹನ್ನೊಂದು ಸಾವಿರ ವೋಲ್ಟ್‌ಗಳು ಕೂಡುಕುಟುಂಬ ಮಾಡಿಕೊಂಡಿದ್ದರು. ಅವರು ಮನೆಯಲ್ಲಿದ್ದರೂ ತಂತಿ ಹಾಗೇ ಕಾಣುತ್ತಿತ್ತು. ಪರವೂರಿಗೆ ಹೋಗಿದ್ದರೂ ಹಾಗೇ ಕಾಣುತ್ತಿತ್ತು.

ತಂತಿಯ ಮೇಲಿನ ಧೂಳು ಒರೆಸಬೇಕು ಅನ್ನುವುದು ರಾಜನ ಹಟ. ಒರೆಸಲು ಹತ್ತಿದ ಮೂವರು ಲೈನ್‌ಮನ್‌ಗಳು ಬೂದಿಯಾದರು. ಇದರಿಂದ ಧೂಳು ಹೆಚ್ಚಾಯಿತು ಅಂತ ರಾಜನಿಗೆ ಬೇಸರ. ನಾಲ್ಕನೆಯವನು ಬೆಟ್ಟಯ್ಯ.

"ಬುದ್ಧಿ, ತಂತಿಯವರು ಒಳಗಿದ್ದಾರೋ ಇಲ್ಲವೋ ತಿಳಿಯೋಕೆ ಒಂದು ಸಣ್ಣ ದೀಪ ಇಟ್ಕೊಳ್ತೀನಿ" ಅಂದ ಬೆಟ್ಟಯ್ಯ.

"ಇಟ್ಟುಕೋ. ಸೋಮವಾರದ ಹೊತ್ತಿಗೆ ಧೂಳು ಹೋಗಿರಬೇಕು."

ಸಂತೆಯಲ್ಲಿ ಕಡಲೆಕಾಯಿಯಷ್ಟು ದೊಡ್ಡ ದೀಪ ಸಿಕ್ಕಿತು. "ತಂತಿಯವರು ನಿನ್ನನ್ನ ನೋಡೋಕೆ ಬರಬೇಕು" ಅಂದ ಬೆಟ್ಟಯ್ಯ. ದೀಪ ತಲೆ ತಗ್ಗಿಸಿತು.

"ಎಷ್ಟು ಜನ ಬರ್ತಾರಣ್ಣ?"

"ಹನ್ನೊಂದು ಸಾವಿರ."

"ನಮ್ಮನೇಲಿ ಇರೋದು ಎರಡೇ ಚಾಪೆ. ಇಬ್ಬರು ಬಂದರೆ ಕೆಂಪಾಗ್ತೀನಿ. ಮೂರನೆಯವರು ಬಂದರೆ ಸಿಡಿದುಹೋಗ್ತೀನಿ."

ಬೆಟ್ಟಯ್ಯ ತಂತಿಯ ಕೆಳಗೆ ದೂರದಲ್ಲಿ ನಿಂತು ಕೈ ಮುಗಿದ. "ಇಬ್ಬರು ಬಂದರೆ ಸಾಕಿತ್ತು, ಸ್ವಾಮಿ."

"ಹೆಣ್ಣು ನೋಡೋಕೆ ಇಬ್ಬರನ್ನ ಕಳಿಸೋ ವಂಶ ಅಲ್ಲ ನಮ್ಮದು. ಬಂದರೆ ಎಲ್ಲರೂ ಬರ್ತೀವಿ" ಅಂದರು ಒಳಗಿನವರು. ಕೆಳಗಿಳಿಯಲು ತಾವೇ ಒಂದು ಎಳೆ ಇಳಿಬಿಟ್ಟರು. ಅದೇ ದಾರಿಯಾಯಿತು.

ದೀಪಕ್ಕೆ ಹನ್ನೊಂದು ಜನ ಸೋದರಮಾವಂದಿರಿದ್ದರು. ಒಬ್ಬನನ್ನೇ ಕೂರಿಸಿದರೆ ಅಷ್ಟು ಜನರನ್ನು ತಡೆಯಲಾರದೆ ಸುಟ್ಟುಹೋಗುತ್ತಿದ್ದ. ಬೆಟ್ಟಯ್ಯ ಎಲ್ಲರನ್ನೂ ದಾರಿಯುದ್ದಕ್ಕೂ ಸಾಲಾಗಿ ಕೂರಿಸಿದ. ಕೆಲಸ ಇಷ್ಟೇ: ಬಂದವರನ್ನು ನಿಲ್ಲಿಸಿ "ನೀವು ಯಾರ ಪೈಕಿ?" ಅಂತ ಕೇಳುವುದು.

ಬೀಗರು ಹೊರಟರು. ಮೊದಲ ಮಾವನ ಹತ್ತಿರ ಹೆಚ್ಚುಕಡಿಮೆ ಸಾವಿರ ಜನ ಸಿಕ್ಕಿಬಿದ್ದರು. ಎರಡನೆಯವನ ಹತ್ತಿರವೂ ಅಷ್ಟೇ. ಮಾವಂದಿರು ಮಾತಾಡಿ ಮಾತಾಡಿ ಬಿಸಿಯಾದರು. ಹನ್ನೊಂದನೆಯವನನ್ನು ದಾಟಿ ಬಂದವರು ಇಬ್ಬರೇ. ದೀಪ ಕೆಂಪಾಯಿತು. ಬಂದವರು ಒಪ್ಪಿಗೆ ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ. ಊರಲ್ಲಿದ್ದಷ್ಟು ದಿನವೂ ಬಂದು ನೋಡುತ್ತಲೇ ಇದ್ದರು.

ಸೋಮವಾರ ದೀಪ ಕೆಂಪಗಿರಲಿಲ್ಲ.

"ಮನೆಯಲ್ಲಿ ಯಾರೂ ಇಲ್ಲ. ಹತ್ತು" ಅಂದು ರಾಜ ಒದ್ದೆ ಬಟ್ಟೆ ಕೊಟ್ಟ.

ಬೆಟ್ಟಯ್ಯ ಕಂಬಕ್ಕೆ ಒಂದು ಕಾಲು ಇಟ್ಟ. ಆಮೇಲೆ ತೆಗೆದ. "ಮಾವಂದಿರನ್ನ ಒಂದು ಮಾತು ಕೇಳಿ ಬರ್ತೀನಿ, ಬುದ್ಧಿ."

ಹನ್ನೊಂದನೆಯ ಮಾವ ಯಾರೂ ಬಂದಿಲ್ಲ ಅಂದ. ಹತ್ತನೆಯವನೂ ಹಾಗೇ ಅಂದ. ಒಂಬತ್ತು, ಎಂಟು, ಅದೇ ಉತ್ತರ. ಏಳನೆಯ ಮಾವ ಮುಖ ತಿರುಗಿಸಿಕೊಂಡು ದಾರಿಗೆ ಅಡ್ಡ ಕೂತಿದ್ದ.

"ಏನಾಯ್ತು ಮಾವ?"

"ಎಲ್ಲರಿಗೂ ಕಾಫಿ ಬಂತು. ನನಗೆ ಬರಲಿಲ್ಲ. ಒಬ್ಬರನ್ನೂ ಬಿಡೋದಿಲ್ಲ."

ಸಾಲೇ ನಿಂತುಹೋದ ಮೇಲೆ ಮೊದಲ ಆರು ಮಾವಂದಿರು ಯಾರನ್ನೂ ಕೇಳುತ್ತಿರಲಿಲ್ಲ. ಏಳನೆಯವನ ಬೆನ್ನ ಹಿಂದೆ ಹನ್ನೊಂದು ಸಾವಿರ ಜನ ಪಂಚೆ ಸರಿಮಾಡಿಕೊಳ್ಳುತ್ತ ತೆಪ್ಪಗೆ ನಿಂತಿದ್ದರು.

ಬೆಟ್ಟಯ್ಯ ಬಟ್ಟೆಯನ್ನು ರಾಜನಿಗೆ ಹಿಂದಿರುಗಿಸಿ, ಮನೆಗೆ ಹೋಗಿ ಊಟ ಮಾಡಿದ.

ತಂತಿಯ ಧೂಳು ಇನ್ನೂ ಇದೆ. ಬೆಟ್ಟಯ್ಯನೂ ಇದ್ದಾನೆ. ನೀತಿ ಬೇಕೆನ್ನುವವರಿಗೆ: ಉರಿಯುವ ದೀಪ ಅವರು ಇದ್ದಾರೆ ಅನ್ನುತ್ತದೆ. ಉರಿಯದ ದೀಪ ಏನೂ ಅನ್ನುವುದಿಲ್ಲ. ಮಿಕ್ಕಿದ್ದನ್ನು ನಡೆದು ಹೋಗಿ ಕೇಳಬೇಕು.